ಎರಡೇ ಬಣ್ಣದಲ್ಲಿ ಹಳೇ ಮೈಸೂರು ಜಿಲ್ಲೆಯ ನಕ್ಷೆ

ನಾಲ್ಕು ಬಣ್ಣ ಹಾಕದಿದ್ದರೆ ಹಳೇ ನಕ್ಷೆ ಜೆರಾಕ್ಸ್ ಥರ ಕಾಣುತ್ತೆ ಅಂತ ನಮ್ಮ ಇತಿಹಾಸ ಬಳಗದಲ್ಲೇ ಅರ್ಧ ಜನ ಹೇಳಿದ್ದರು. ಎರಡೇ ಬಣ್ಣದಲ್ಲಿ ಅಚ್ಚು ಹಾಕಿಸಿದ 500 ಪ್ರತಿಗಳಲ್ಲಿ ಈಗ ಹೆಚ್ಚುಕಮ್ಮಿ 430 ಮಾರಾಟವಾಗಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಮೂಲ ಪ್ರತಿ ಸಿಕ್ಕಿದ್ದು ಶಾನುಭೋಗರ ಮನೆತನವೊಂದರ ಅಟ್ಟದ ಮೇಲೆ. ಬೆನ್ನಿಗೆ ಬಟ್ಟೆ ಅಂಟಿಸಿ ಎಂಟು ಮಡಿಕೆ ಮಾಡಿಟ್ಟ ಜಿಲ್ಲಾ ನಕ್ಷೆ, ಇಂಚಿಗೆ ನಾಲ್ಕು ಮೈಲಿ. ಇಸವಿ ಇದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. ಕಾಲ ಗೊತ್ತಾಗಿದ್ದು ರೈಲಿನಿಂದ. ಹಳಿ ಮೈಸೂರಿನವರೆಗೆ ಬಂದಿದೆ, ನಂಜನಗೂಡಿಗೆ ಹೋಗಿಲ್ಲ. ಅಂದರೆ 1882ರಿಂದ ಈಚೆ, 1891ಕ್ಕಿಂತ ಹಿಂದೆ. ಇವತ್ತಿನ ಕೃಷ್ಣರಾಜಪೇಟೆ ಅದರಲ್ಲಿ ಅತ್ತಿಕುಪ್ಪೆ, ಪಾಂಡವಪುರ ಇನ್ನೂ ಫ್ರೆಂಚ್ ರಾಕ್ಸ್. ಮಂಡ್ಯ ಬೇರೆ ಜಿಲ್ಲೆಯಾಗಿದ್ದು 1939ರಲ್ಲಿ, ಹಾಗಾಗಿ ಆ ಕಡೆಯೆಲ್ಲ ಒಂದೇ ಹಾಳೆಯಲ್ಲಿದೆ. ಎಲ್ಲಕ್ಕಿಂತ ಮುಖ್ಯವಾಗಿ, 1911ರಲ್ಲಿ ಕೆಆರ್‌ಎಸ್ ಅಣೆಕಟ್ಟಿನ ಕೆಲಸ ಶುರುವಾಗುವುದಕ್ಕೆ ಮುಂಚಿನ ಕಾವೇರಿ ಇದೆ. ಅದರ ದಡದಲ್ಲಿ ಕನ್ನಂಬಾಡಿ ಊರು.

ಮೊದಲು ಮಾಡಿದ ತಪ್ಪು, ರೋಲರ್ ಸ್ಕ್ಯಾನರಿಗೆ ಕೊಟ್ಟಿದ್ದು. ಎರಡನೇ ಮಡಿಕೆ ಬರುವಾಗಲೇ ಚರ್ ಅಂತ ಸದ್ದು. ಎಳೆದು ತೆಗೆದೆವು, ಆದರೂ ಬೆರಳುದ್ದ ಬಿರುಕು ಬಿಟ್ಟಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳಲ್ಲಿ ಅಂಚಿನ ಗೆರೆಗಳೆಲ್ಲ ಬಿಲ್ಲಿನಂತೆ ಬಾಗಿದವು. ಕೊನೆಗೆ ಹಾಳೆಯನ್ನು ಗಾಜಿನ ಮೇಲೆ ಹಾಸಿಡುವ ಎ3 ಫ್ಲಾಟ್‌ಬೆಡ್ ಸ್ಕ್ಯಾನರಿನ ಮುಚ್ಚಳ ಕಳಚಿಟ್ಟು, 600 ಡಿಪಿಐನಲ್ಲಿ 12 ತುಂಡು ತೆಗೆದು ಜೋಡಿಸಿದೆವು. ಜೋಡಣೆಗೇ ಮೂರು ವಾರ ಹಿಡಿಯಿತು.

ಮೊದಲನೇ ಮುದ್ರಣ ನಾಲ್ಕು ಬಣ್ಣದ್ದು, 300 ಪ್ರತಿ, ಸುಮಾರು 14 ಸಾವಿರ ರೂಪಾಯಿ. ಬಿಳಿಗಿರಿರಂಗನ ಬೆಟ್ಟದ ಕಡೆ ಗುಡ್ಡ ತೋರಿಸುವ ಸಣ್ಣ ಗೀಟುಗಳೆಲ್ಲ ಒಂದಕ್ಕೊಂದು ಅಂಟಿ ಮಸಿ ಬಳಿದಂತಾಗಿದ್ದವು. ಬಣ್ಣಕ್ಕೊಂದರಂತೆ ಅಚ್ಚಿನ ಪ್ಲೇಟ್; ಕೂದಲೆಳೆಯಂಥ ಗೆರೆ ನಾಲ್ಕು ಪ್ಲೇಟಿನಲ್ಲಿ ಚುಕ್ಕೆಚುಕ್ಕೆಯಾಗಿ ಒಡೆದರೆ ಇನ್ನೇನಾಗುತ್ತೆ? ಅಷ್ಟೂ ರದ್ದಿಗೆ ಹೋಯಿತು.

ಆಗ ನಾನು ಹಿಡಿದ ಹಟ: ಗೆರೆ, ಅಕ್ಷರ ಎಲ್ಲ ಅಪ್ಪಟ ಕಪ್ಪಿನ ಒಂದೇ ಪ್ಲೇಟ್, ಚುಕ್ಕೆ ಇಲ್ಲದ ಲೈನ್ ಕೆಲಸ. ಕಾಗದದ ಹಳದಿಗೆ ಎರಡನೇ ಪ್ಲೇಟ್. ಆ ಹಳದಿ ಶಾಯಿಯನ್ನು ಮಷಿನ್ ಪಕ್ಕದಲ್ಲೇ ನಿಂತು ಕಲೆಸಿಸಿದೆ. ಯಾವುದಕ್ಕೆ ಯಾವುದು ಎಷ್ಟು ಅನ್ನುವುದು ಬಳಗದ ಗುಟ್ಟು. ನೀರಿನ ಕಲೆಯನ್ನು ಗೆರೆಯಿಂದ ಬೇರೆ ಮಾಡಿದ್ದು ಸ್ಕ್ಯಾನ್ ಚಿತ್ರದ ಬಣ್ಣದ ಪದರಗಳಲ್ಲಿ (ಚಾನೆಲ್) ನೀಲಿಯದನ್ನು ಬಿಟ್ಟು ಕೆಂಪಿನದನ್ನು ಇಟ್ಟುಕೊಂಡು, ಇಷ್ಟು ಸಾಕು.

ಕಾಗದ 120 ಜಿಎಸ್ಎಂ ದಪ್ಪದ, ಹೊಳಪಿಲ್ಲದ ಮ್ಯಾಪ್ಲಿಥೋ, ಅಳತೆ ಡಬಲ್ ಡೆಮಿ. ನುಣುಪು ಹೊಳಪಿನ ಆರ್ಟ್ ಪೇಪರ್ ಬೇಡವೇ ಬೇಡ, ಗೋಡೆಗೆ ಹಾಕಿದರೆ ಟ್ಯೂಬ್‌ಲೈಟ್ ಹೊಳಪು ಊರಿನ ಹೆಸರನ್ನೇ ನುಂಗುತ್ತೆ. ಎಲ್ಲ ಸೇರಿ 11 ಸಾವಿರದ ಆಸುಪಾಸು, ಒಂದಕ್ಕೆ 22 ರೂಪಾಯಿ ಬಿತ್ತು. ಬೆಲೆ 150 ಇಟ್ಟೆವು. ಅಂಚೆಗೆ ಹಾಕುವ ರಟ್ಟಿನ ಕೊಳವೆಗೇ 35 ಆಗುತ್ತೆ, ಲೆಕ್ಕ ಹಾಕುವಾಗ ಅದನ್ನು ಮರೆಯಬೇಡಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆವು. ಮೂಲದಲ್ಲಿ ತಾಲ್ಲೂಕು ಗಡಿಗಳಿಗೆ ಕೈಯಲ್ಲೇ ಬಣ್ಣ ಹಚ್ಚಿದ್ದರು. ನಾವೂ 20 ಪ್ರತಿಗೆ ಜಲವರ್ಣ ಹಚ್ಚಿ ನೋಡಿದೆವು. ಮ್ಯಾಪ್ಲಿಥೋ ಹಪ್ಪಳದಂತೆ ಸುರುಟಿತು. ಚಿತ್ರ ಬರೆಯುವ ದಪ್ಪ ಕಾರ್ಟ್ರಿಡ್ಜ್ ಹಾಳೆಯ ಮೇಲೆ, ಕುಂಚ ಒರೆಸಿಕೊಂಡು ಹಚ್ಚಿದರೆ ಚೆನ್ನಾಗಿ ಕೂರುತ್ತೆ. ಅಂಥವನ್ನು 600ಕ್ಕೆ ಮಾರಿದೆವು, ಒಂದೂ ಉಳಿದಿಲ್ಲ.

ಪಾಂಡವಪುರದ ಸಂತೆ ದಿನ ಮೇಜು ಹಾಕಿದ್ದಾಗ ಹಿರಿಯರೊಬ್ಬರು ಬಂದು, ಕನ್ನಡಕ ಹಣೆಗೇರಿಸಿ, ಹೊಳೆಯ ಗೆರೆ ಹಿಡಿದು ಬೆರಳು ಜಾರಿಸಿಕೊಂಡು ಹೋದರು. ಕನ್ನಂಬಾಡಿಯ ಹತ್ತಿರ ಬೆರಳು ನಿಂತಿತು. "ನಮ್ ತಾತ ಹುಟ್ಟಿದ್ದು ಇಲ್ಲೇ ಕಣಪ್ಪ. ಈಗ ನೀರೊಳಗೈತೆ," ಅಂದರು. ಮೂರು ಪ್ರತಿ ತಗೊಂಡರು, ಮೂರು ಮಕ್ಕಳಿಗೂ ಒಂದೊಂದು.

ಪ್ಲೇಟುಗಳನ್ನು ಕೆಡದಂತೆ ಗೋಂದು ಬಳಿಸಿ ಎತ್ತಿಟ್ಟಿದ್ದೇವೆ. ದಸರೆಗೆ ಮುಂಚೆ ಇನ್ನೂ 300 ಹಾಕಿಸುತ್ತೇವೆ.