ಮೂರು ಲಕ್ಷದ ಟರ್ನ್‌ಟೇಬಲ್ ತಗೊಳ್ಳೋ ಮೊದಲು ಇಷ್ಟು ಮಾಡಿ ನೋಡಿ

ಕಾಫಿ ಮಾರಿದ ದುಡ್ಡು ಕೈಗೆ ಬಂದ ವಾರ ವಿರಾಜಪೇಟೆಯಿಂದ ಭಾವ ಫೋನ್ ಮಾಡಿದರು. "ನೋಡಮ್ಮ, ಮೂರು ಲಕ್ಷದ ಒಂದು ಟರ್ನ್‌ಟೇಬಲ್, ಅದೇ ರೆಕಾರ್ಡ್ ಹಾಕೋ ಮೆಷಿನ್, ನೋಡಿಟ್ಟಿದ್ದೀನಿ. ಈಗಿರೋದರಲ್ಲಿ ಪ್ರತಿ ಸೈಡಿನ ಕೊನೇ ಹಾಡು ಹರಿದ ಹಾಗೆ ಕೇಳುತ್ತೆ. ಮೊಮ್ಮಕ್ಕಳು ಓಡಾಡಿದರೆ ಸೂಜಿ ಹಾರುತ್ತೆ. ತಗೊಂಡುಬಿಡಲಾ?"

"ಅಡ್ವಾನ್ಸ್ ಕೊಡಬೇಡಿ ಭಾವ. ಭಾನುವಾರ ಬರ್ತೀನಿ" ಅಂದೆ.

ನಮ್ಮದು ಸೋಮವಾರಪೇಟೆ ಹತ್ತಿರ ಸಣ್ಣ ತೋಟ. ಅಪ್ಪ ರೆಕಾರ್ಡಿಗೆ ಕೊನೆಯವರೆಗೂ ಪ್ಲೇಟು ಅಂತಲೇ ಕರೆಯುತ್ತಿದ್ದರು. ಅವರು ಬಿಟ್ಟುಹೋದ ಇನ್ನೂರು ಚಿಲ್ಲರೆ ಪ್ಲೇಟುಗಳನ್ನು ಹನ್ನೆರಡು ವರ್ಷದಿಂದ ನಾನೇ ತೊಳೆದು, ಒಣಗಿಸಿ, ಕೇಳಿಕೊಂಡು ಬಂದಿದ್ದೇನೆ. ಅಷ್ಟರಲ್ಲಿ ಮೂರು ಮೆಷಿನ್ ಬದಲಾಯಿಸಿದ್ದೇನೆ. ಯಾವುದಕ್ಕೆ ಕೊಟ್ಟ ದುಡ್ಡು ಕಿವಿಗೆ ಕೇಳಿಸಿತು, ಯಾವುದು ಕೇಳಿಸಲಿಲ್ಲ ಅನ್ನೋದು ಚೆನ್ನಾಗಿ ನೆನಪಿದೆ.

ನಿಮ್ಮ ಹತ್ತಿರ ಇರೋದು ಸ್ಪೀಕರ್ ಒಳಗೇ ಸೇರಿಸಿದ, ಸೂಟ್‌ಕೇಸ್ ಥರದ ಐದಾರು ಸಾವಿರದ ಪ್ಲೇಯರ್ ಆದರೆ ಯೋಚನೆ ಬೇಡ, ಬದಲಾಯಿಸಿ. ಅವುಗಳಲ್ಲಿ ಸೂಜಿಯ ಭಾರ ಹೊಂದಿಸೋಕೇ ಬರುವುದಿಲ್ಲ. ಹಿಂದೆ ತೂಕದ ಬಿಲ್ಲೆ ಇರುವ ತೋಳು, ಬೇಕಾದ ಹಾಗೆ ಬದಲಾಯಿಸಬಹುದಾದ ಕಾರ್ಟ್ರಿಜ್ (ತೋಳಿನ ತುದಿಯಲ್ಲಿ ಸೂಜಿ ಹಿಡಿದು, ಅದರ ಅಲುಗಾಟವನ್ನು ಸದ್ದಾಗಿಸುವ ಪುಟ್ಟ ಡಬ್ಬಿ) ಇರುವ ಮೂವತ್ತು ನಲವತ್ತು ಸಾವಿರದ ಮೆಷಿನ್‌ಗೆ ಹೋದರೆ ಬದಲಾವಣೆ ಮನೆಯಲ್ಲಿರೋ ಎಲ್ಲರಿಗೂ ಗೊತ್ತಾಗುತ್ತೆ. ಅಲ್ಲಿಂದ ಲಕ್ಷದ ಮೆಷಿನ್‌ಗೆ ಹೋದರೆ ಗಮನ ಇಟ್ಟು ಕೇಳುವವರಿಗೆ ಗೊತ್ತಾಗುತ್ತೆ. ಲಕ್ಷದಿಂದ ಮೇಲಿನದಕ್ಕೆ ಮಾತ್ರ ನಾನು ತಡೆ ಹಾಕುತ್ತೇನೆ. ಮೊದಲು ಈಗಿರೋ ಮೆಷಿನ್ ತನ್ನ ಪೂರ್ತಿ ಕೆಲಸ ಮಾಡುತ್ತಿದೆಯಾ ಅಂತ ನೋಡಬೇಕು. ಭಾವನ ಮನೆಯಲ್ಲಿ ಮಾಡಿದ್ದೂ ಅದನ್ನೇ.

ಭಾವನದು ಬೆಲ್ಟ್‌ನಲ್ಲಿ ತಿರುಗುವ ಒಳ್ಳೆ ಮೆಷಿನ್. ಕಾರ್ಟ್ರಿಜ್ ಆರ್ಟೋಫಾನ್ ಕಂಪನಿಯ 2ಎಂ ರೆಡ್. ಮೊದಲು ತೋಳು ಎತ್ತಿ, ಫೋನಿನ ಟಾರ್ಚ್ ಹಾಕಿ ಸೂಜಿ ನೋಡಿದೆ. ತುದಿಯಲ್ಲಿ ಬೂದು ಬಣ್ಣದ, ಹತ್ತಿಯಂಥ ದೂಳಿನ ಉಂಡೆ, ಸಾಸಿವೆ ಕಾಳಿನಷ್ಟು. ಸೂಜಿ ಪ್ಲೇಟಿನ ಗೆರೆಯೊಳಗೆ ಕೂತೇ ಇರಲಿಲ್ಲ, ಆ ಉಂಡೆಯ ಮೇಲೆ ಜಾರಿಕೊಂಡು ಹೋಗುತ್ತಿತ್ತು. ಮೆತ್ತಗಿನ ಬ್ರಷ್‌ನಲ್ಲಿ ಹಿಂದಿನಿಂದ ಮುಂದಕ್ಕೆ, ಅಂದರೆ ತೋಳಿನ ಬುಡದ ಕಡೆಯಿಂದ ನಿಮ್ಮ ಕಡೆಗೆ ಮಾತ್ರ ಎಳೆಯಬೇಕು. ಅಡ್ಡಡ್ಡ ಉಜ್ಜಿದರೆ ಸೂಜಿ ಹಿಡಿದ ಸಣ್ಣ ಕಡ್ಡಿ ಮುರಿದೇ ಹೋಗುತ್ತೆ.

ಆಮೇಲೆ ಭಾರ. ಸಾವಿರ ರೂಪಾಯಿ ಆಸುಪಾಸಿಗೆ ಸಿಗುವ ಪುಟ್ಟ ಡಿಜಿಟಲ್ ತಕ್ಕಡಿ ತಗೊಂಡು ಹೋಗಿದ್ದೆ. ಸೂಜಿ ಇಟ್ಟರೆ 1.3 ಗ್ರಾಂ ತೋರಿಸಿತು. 2ಎಂ ರೆಡ್‌ಗೆ ಕಂಪನಿ ಹೇಳೋದು 1.8 ಗ್ರಾಂ. ಭಾರ ಕಡಿಮೆ ಇದ್ದರೆ ರೆಕಾರ್ಡ್ ಸವೆಯೋದಿಲ್ಲ ಅಂತ ಭಾವ ಬೇಕಂತಲೇ ಇಳಿಸಿದ್ದರಂತೆ. ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ, ಆದರೆ ನಡೆಯೋದು ಉಲ್ಟಾ. ಭಾರ ಸಾಲದಿದ್ದರೆ ಸೂಜಿ ಗೆರೆಯ ಗೋಡೆ ಬಿಟ್ಟು ಹಾರಿ ಹಾರಿ ಬೀಳುತ್ತೆ. ಗೆರೆ ಹಾಳಾಗೋದು ಹಾಗೆ.

ಸರಿಮಾಡೋದು ಕಷ್ಟ ಅಲ್ಲ. ಹಿಂದಿನ ಬಿಲ್ಲೆ ತಿರುಗಿಸಿ ತೋಳು ಗಾಳಿಯಲ್ಲಿ ಮಟ್ಟಸವಾಗಿ ತೇಲುವಂತೆ ಮಾಡಿ. ಅಲ್ಲಿ ಬಿಲ್ಲೆಯ ಅಂಕೆಯನ್ನು ಸೊನ್ನೆಗೆ ತನ್ನಿ. ನಂತರ ಬಿಲ್ಲೆ ತಿರುಗಿಸುತ್ತಾ ತಕ್ಕಡಿಯಲ್ಲಿ 1.8 ಬರುವ ತನಕ ಹೊಂದಿಸಿ. ತೋಳು ಒಳಕ್ಕೆ ಎಳೆಯೋದನ್ನು ತಡೆಯುವ ಗುಂಡಿಯನ್ನೂ ಅದೇ ಅಂಕೆಗೆ ತಿರುಗಿಸಿ. ಭಾವನ ಮೆಷಿನ್‌ಗೆ ಇಷ್ಟಕ್ಕೆ ಹತ್ತು ನಿಮಿಷ ಹಿಡಿಯಿತು.

ಕೊನೇ ಹಾಡೇ ಯಾಕೆ ಹರಿಯುತ್ತೆ ಅಂತ ಅವರು ಕೇಳಿದರು. ಎಲ್‌ಪಿ, ಅಂದರೆ ದೊಡ್ಡ ಪ್ಲೇಟು, ನಿಮಿಷಕ್ಕೆ 33⅓ ಸುತ್ತು ತಿರುಗುತ್ತೆ, ಅಲ್ವಾ? ಹೊರ ಅಂಚಿನಲ್ಲಿ ಒಂದು ಸೆಕೆಂಡಿಗೆ ಸುಮಾರು 50 ಸೆಂ.ಮೀ. ಉದ್ದದ ಗೆರೆ ಸೂಜಿಯ ಕೆಳಗೆ ಹಾದುಹೋಗುತ್ತೆ. ಲೇಬಲ್ ಹತ್ತಿರ ಬಂದಾಗ ಅದು 21 ಸೆಂ.ಮೀ.ಗೆ ಇಳಿಯುತ್ತೆ. ಅಷ್ಟೇ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿರುತ್ತಾರೆ. ಹಾಗಾಗಿ ಸೂಜಿಯ ಆಕಾರ, ಭಾರ, ಕೂತ ಕೋನ ಎಲ್ಲದರ ತಪ್ಪೂ ಅಲ್ಲೇ ಬಯಲಾಗುತ್ತೆ. ಕನ್ನಡದ ಹಾಡಾದರೆ 'ಸ', 'ಶ' ಅಕ್ಷರಗಳನ್ನು ಕಿವಿಗೊಟ್ಟು ಕೇಳಿ. ಪಿ.ಬಿ. ಶ್ರೀನಿವಾಸ್ ಅವರ ಮೆತ್ತಗಿನ 'ಶ' ಉಗಿ ಬಿಟ್ಟ ಹಾಗೆ ಕೇಳಿದರೆ ಸೂಜಿಯ ಕಡೆ ಗಮನ ಕೊಡಿ. ಈ ತೊಂದರೆಗೆ ಮೂರು ಲಕ್ಷದ ಮೆಷಿನ್‌ಗಿಂತ ಒಳ್ಳೆ ಸೂಜಿಯೇ ಜಾಸ್ತಿ ಕೆಲಸ ಮಾಡುತ್ತೆ. 2ಎಂ ರೆಡ್ ಇದ್ದವರು ಕಾರ್ಟ್ರಿಜ್ ಬಿಚ್ಚದೆ, ಅದಕ್ಕಿಂತ ಒಳ್ಳೆಯ 2ಎಂ ಬ್ಲೂ ಸೂಜಿಯನ್ನು ಅದಕ್ಕೇ ಸಿಕ್ಕಿಸಬಹುದು. ಆಡಿಯೋ ಟೆಕ್ನಿಕಾದ ವಿಎಂ95 ಸಾಲಿನಲ್ಲೂ ಹಾಗೇ. ಒಂದೇ ಕಾರ್ಟ್ರಿಜ್‌ಗೆ ಸಾದಾ ಗುಂಡು ತುದಿಯಿಂದ ತೆಳು ಅಂಚಿನ ಮೈಕ್ರೋಲೈನ್ ತನಕ ಬೇರೆ ಬೇರೆ ಸೂಜಿ ಕೂರುತ್ತವೆ.

ಇನ್ನು ಮೊಮ್ಮಕ್ಕಳ ಓಟ. ಭಾವನ ಮನೆ ಹಳೇ ಕಾಲದ್ದು, ಮಹಡಿಯಲ್ಲಿ ಹಲಗೆ ನೆಲ. ಮೆಷಿನ್ ತಿರುಗಿಸದೆ ರೆಕಾರ್ಡಿನ ಮೇಲೆ ಸೂಜಿ ಇಟ್ಟು, ವಾಲ್ಯೂಮ್ ಸ್ವಲ್ಪ ಏರಿಸಿ, ಮೇಜನ್ನು ಬೆರಳಲ್ಲಿ ತಟ್ಟಿದೆ. ಸ್ಪೀಕರ್‌ನಲ್ಲಿ ಬಾಗಿಲು ಬಡಿದ ಹಾಗೆ ಸದ್ದು ಬಂತು. ಮೆಷಿನ್ ಎಷ್ಟೇ ದುಬಾರಿ ಇರಲಿ, ಆ ಮೇಜಿನ ಮೇಲೆ ಇಟ್ಟರೆ ಇದೇ ಕಥೆ. ಊರಿನ ಆಚಾರಿಯನ್ನು ಕರೆಸಿ ದಪ್ಪ ಗೋಡೆಗೆ ಎರಡು ಕಬ್ಬಿಣದ ಬ್ರಾಕೆಟ್ ಹೊಡೆಸಿ, ಮೇಲೆ ಹಲಸಿನ ಹಲಗೆ ಹಾಕಿಸಿದೆವು. ನೀರುಮಟ್ಟ ಇಟ್ಟು ನೋಡಿಯೇ ಕೂರಿಸಬೇಕು. ಸ್ಪೀಕರ್‌ಗಳನ್ನು ಅದೇ ಹಲಗೆಯ ಮೇಲೆ ಇಡಲೇಬೇಡಿ. ಈಗ ಮಕ್ಕಳು ಕುಣಿದರೂ ಸೂಜಿ ಅಲುಗುವುದಿಲ್ಲ.

ವೇಗ ನೋಡೋಕೆ ಒಂದು ಸುಲಭ ದಾರಿ ಇದೆ. ರೆಕಾರ್ಡಿನ ಅಂಚಿಗೆ ಒಂದು ಕಾಗದದ ಚೂರು ಸಿಕ್ಕಿಸಿ, ಸುತ್ತು ಎಣಿಸಿ. ಸರಿಯಾಗಿ 3 ನಿಮಿಷಕ್ಕೆ 100 ಸುತ್ತು ಆಗಬೇಕು. ಒಂದು ಸೆಕೆಂಡ್ ಆಚೀಚೆ ಆದರೆ ಚಿಂತೆ ಇಲ್ಲ. ಐದಾರು ಸೆಕೆಂಡ್ ವ್ಯತ್ಯಾಸ ಬಂದರೆ ಬೆಲ್ಟ್ ಸಡಿಲ ಆಗಿದೆಯಾ ನೋಡಿ, ಶ್ರುತಿಯೇ ಸರಿದಿರುತ್ತೆ.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿಯುವ ಮಳೆಗೆ ಇನ್ನೊಂದು ಮಾತು ಹೇಳಲೇಬೇಕು. ಕಾಗದದ ಒಳಕವರ್ ತೇವ ಹೀರಿ, ಪ್ಲೇಟಿನ ಮೇಲೆ ಬಿಳೀ ಚುಕ್ಕೆ ಚುಕ್ಕೆಯಾಗಿ ಬೂಷ್ಟು ಬರುತ್ತೆ. ಆ ಚಟಪಟ ಸದ್ದು ನಾಲ್ಕು ಲಕ್ಷದ ಮೆಷಿನ್‌ನಲ್ಲಿ ಇನ್ನೂ ಸ್ಪಷ್ಟವಾಗಿ ಕೇಳುತ್ತೆ, ಅಷ್ಟೇ. ಡಿಸ್ಟಿಲ್ಡ್ ವಾಟರ್‌ಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಲೇಬಲ್ ನೆನೆಯದ ಹಾಗೆ ಮೆತ್ತಗಿನ ಬ್ರಷ್‌ನಲ್ಲಿ ಗೆರೆಯ ಜೊತೆಗೇ ಸುತ್ತಲೂ ಉಜ್ಜಿ. ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಮತ್ತೆ ತೊಳೆದು, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಒಳಕವರ್ ಪ್ಲಾಸ್ಟಿಕ್ಕಿನದ್ದಾಗಲಿ, ಹಳೇದನ್ನು ಬಿಸಾಡಿ. ಬಟ್ಟೆಗೆ ಮಾಡುವ ಹಾಗೆ ಬೀರುವಿನಲ್ಲಿ ಬಲ್ಬು ಉರಿಸಬೇಡಿ, ಎಲ್‌ಪಿ ಶಾಖಕ್ಕೆ ಬಾಗುತ್ತೆ. ನಾನು ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ. ಅಪ್ಪನ ಕಾಲದ ಅರಗಿನ 78ರ (ನಿಮಿಷಕ್ಕೆ 78 ಸುತ್ತಿನ) ಪ್ಲೇಟು ಇದ್ದರೆ ಸ್ಪಿರಿಟ್ ಮಾತ್ರ ತಾಗಿಸಬೇಡಿ, ಅರಗು ಕರಗಿಹೋಗುತ್ತೆ.

ತೇವ ಮೆಷಿನ್‌ಗೂ ಬಿಡುವುದಿಲ್ಲ. ಒಂದು ಕಡೆಯ ಸ್ಪೀಕರ್ ಸುಮ್ನೆ ನಿಂತುಹೋದರೆ ಗಾಬರಿ ಬೇಡ. ಕಾರ್ಟ್ರಿಜ್ ಹಿಂದೆ ಬಿಳಿ, ಕೆಂಪು, ನೀಲಿ, ಹಸಿರು ಅಂತ ನಾಲ್ಕು ಕೂದಲೆಳೆ ವೈರ್ ಇರುತ್ತವೆ. ಅವುಗಳ ತುದಿಯಲ್ಲಿ ಕಿಲುಬು ಹಿಡಿದಿರುತ್ತೆ. ಚಿಮುಟದಲ್ಲಿ ಒಂದೊಂದನ್ನೇ ಮೆಲ್ಲಗೆ ಎಳೆದು, ಒರೆಸಿ, ಮತ್ತೆ ಸಿಕ್ಕಿಸಿ. ಕಾಫಿ ಹೂ ಅರಳಿಸುವ ಹೂಮಳೆ ಶುರುವಾದಾಗ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಿ. ಕರೆಂಟ್ ಹೋದಾಗ ಇನ್ವರ್ಟರ್‌ನಲ್ಲಿ ಕೇಳುವವರಿಗೂ ಒಂದು ವಿಷಯ. ಕೆಲವು ದುಬಾರಿ ಬೆಲ್ಟ್ ಮೆಷಿನ್‌ಗಳ ಎಸಿ ಮೋಟರ್ ಹಳೇ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಗುಂಯ್ ಅನ್ನುತ್ತೆ. ಸೈನ್ ವೇವ್ ಇನ್ವರ್ಟರ್ ಇಲ್ಲದಿದ್ದರೆ ಅಂಥದ್ದನ್ನು ಕೊಳ್ಳುವ ಮೊದಲು ಕೇಳಿ ತಿಳಿದುಕೊಳ್ಳಿ.

ಹಾಗಾದರೆ ದುಬಾರಿ ಮೆಷಿನ್ ಕೊಡೋದೇನು? ಅದನ್ನೂ ನೋಡಿದ್ದೇನೆ. ಮಡಿಕೇರಿಯಲ್ಲಿ ಭಾವನ ಸ್ನೇಹಿತರ ಮನೆಯಲ್ಲಿ ನಾಲ್ಕು ಲಕ್ಷದ್ದು ಇದೆ. ನನ್ನ ನಲವತ್ತು ಸಾವಿರದ ಮೆಷಿನ್ ಕಾರಿನಲ್ಲಿ ಹಾಕಿಕೊಂಡು ಹೋಗಿ, ನನ್ನದೇ ಕಾರ್ಟ್ರಿಜ್ ಎರಡಕ್ಕೂ ಬದಲಾಯಿಸಿ ಕೂರಿಸಿ, ಅದೇ ಪ್ಲೇಟುಗಳನ್ನು ಲ್ಯಾಪ್‌ಟಾಪ್‌ಗೆ ರೆಕಾರ್ಡ್ ಮಾಡಿದೆವು. ಸದ್ದಿನ ಮಟ್ಟ ಸಮ ಮಾಡಿ, ಯಾವುದು ಯಾವುದು ಅಂತ ಹೇಳದೆ ಮಗಳು ಹಾಕಿದಳು. ಸಿನಿಮಾ ಹಾಡಿನಲ್ಲಿ ನನಗೆ ಗುರುತು ಸಿಗಲೇ ಇಲ್ಲ. ಭೀಮಸೇನ ಜೋಶಿಯವರ ಆಲಾಪದಲ್ಲಿ ಸಿಕ್ಕಿತು. ತಂಬೂರ ದುಬಾರಿ ಮೆಷಿನ್‌ನಲ್ಲಿ ಒಂದು ಕೂದಲಷ್ಟೂ ಅಲುಗದೆ ನಿಂತಿತ್ತು. ಎರಡು ಸ್ವರಗಳ ನಡುವಿನ ಮೌನದಲ್ಲಿ ಅಡಿಯ ಗುರ್ ಸದ್ದು ಇರಲಿಲ್ಲ. ನುಣುಪಾದ ಬೇರಿಂಗ್, ಪ್ಲೇಟು ಕೂರುವ ಭಾರದ ತಟ್ಟೆ, ಸಲೀಸಾಗಿ ತಿರುಗುವ ತೋಳು, ದುಡ್ಡು ಹೋಗೋದು ಇವಕ್ಕೇ. ಆ ಮೌನ ನನಗೆ ತುಂಬಾ ಇಷ್ಟವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಆದರೆ ಮೂರನೇ ಪ್ಲೇಟು ಎರಡರಲ್ಲೂ ಒಂದೇ ಥರ ಓಲಾಡಿತು. ನಡುವಿನ ತೂತು ಕೇಂದ್ರ ಬಿಟ್ಟು ಸರಿದಿತ್ತು. ಒಂದೇ ಮಿಲಿಮೀಟರ್ ಸರಿದರೂ ವೇಗ ಶೇಕಡಾ ಒಂದರಷ್ಟು ಏರಿಳಿಯುತ್ತೆ. ಇದನ್ನು ತಾನೇ ಸರಿಪಡಿಸುವ ಮೆಷಿನ್ ಒಂದನ್ನು ಜಪಾನಿನ ನಾಕಮಿಚಿ 1980ರ ದಶಕದಲ್ಲಿ ಮಾಡಿತ್ತು. ಸಾಮಾನ್ಯವಾಗಿ ಇವತ್ತಿನ ದುಬಾರಿ ಮೆಷಿನ್‌ಗಳಲ್ಲಿ ಅದು ಇಲ್ಲ. 78ರ ಪ್ಲೇಟು ಕೇಳುವವರು ಇನ್ನೊಂದನ್ನು ನೋಡಿಕೊಳ್ಳಿ. ರೆಗಾ ಪ್ಲಾನರ್ 3ರಂಥ ಹೆಸರುವಾಸಿ ಮೆಷಿನ್‌ನಲ್ಲೂ 33 ಮತ್ತು 45ರ ವೇಗ ಮಾತ್ರ ಇದೆ. ಅದಕ್ಕಿಂತ ತುಂಬಾ ಅಗ್ಗದ ಆಡಿಯೋ ಟೆಕ್ನಿಕಾ ಎಲ್‌ಪಿ120ಎಕ್ಸ್‌ನಲ್ಲಿ 78 ಇದೆ. 78ಕ್ಕೆ ದಪ್ಪ ತುದಿಯ ಬೇರೆ ಸೂಜಿಯೂ ಬೇಕು.

ಭಾವನಿಗೆ ಹೊಸ ಸೂಜಿ, ತಕ್ಕಡಿ, ಬ್ರಾಕೆಟ್, ಒಳಕವರ್ ಎಲ್ಲ ಸೇರಿ ಇಪ್ಪತ್ತು ಸಾವಿರದ ಆಸುಪಾಸು ಆಯಿತು. ಕೊನೇ ಹಾಡು ಈಗ ಹರಿಯುವುದಿಲ್ಲ. ಆದರೂ ಆ ಮೌನ ಅವರ ಕಿವಿಯಿಂದ ಹೋಗಿಲ್ಲ. ಅವರು ಕೇಳೋದೆಲ್ಲ ಹಿಂದೂಸ್ತಾನಿ, ಸ್ಪೀಕರ್ ಕೂಡ ಒಳ್ಳೇದಿದೆ. ಅದಕ್ಕೆ ಈಗ ನಾನು ಬೇಡ ಅನ್ನುತ್ತಿಲ್ಲ. ಬೆಂಗಳೂರಿಗೆ ಹೋಗಿ, ನಿಮ್ಮದೇ ಕಾರ್ಟ್ರಿಜ್ ಹಾಕಿಸಿ, ನಿಮ್ಮದೇ ಪ್ಲೇಟು ಕೇಳಿ ಬನ್ನಿ ಅಂದಿದ್ದೇನೆ. ಜೋಶಿಯವರ ಪ್ಲೇಟನ್ನು ತೊಳೆದು, ಹೊಸ ಕವರ್ ಹಾಕಿ ಕೊಟ್ಟಿದ್ದೇನೆ. ಕಾರಿನ ಹಿಂದಿನ ಗಾಜಿನ ಕೆಳಗೆ ಇಡಬೇಡಿ ಭಾವ, ಕುಶಾಲನಗರ ದಾಟುವಷ್ಟರಲ್ಲಿ ಬಿಸಿಲಿಗೆ ಬಾಗಿರುತ್ತೆ ಅಂತ ಎರಡು ಸಲ ಹೇಳಿದ್ದೇನೆ.