ಇನ್ನೇನು ಸಿರಿಂಗೋಮಾ ಅಂತ ಸಹಿ ಹಾಕ್ಬಿಡ್ತಿದ್ದೆ

ನಾನು ಬೆಂಗಳೂರಲ್ಲಿ ಪೆಥಾಲಜಿಸ್ಟು, ಸ್ಕಿನ್ ಬಯಾಪ್ಸಿ, ಅಂದ್ರೆ ಪರೀಕ್ಷೆಗೆ ಕತ್ತರಿಸಿ ಕಳ್ಸೋ ಚರ್ಮದ ಚೂರು, ಅದನ್ನೇ ಮೈಕ್ರೋಸ್ಕೋಪಲ್ಲಿ ಜಾಸ್ತಿ ನೋಡೋದು. ಒಂದಿನ ಒಂದು ಪುಟ್ಟ ಚೂರು ಬಂತು, ಫಾರ್ಮಲ್ಲಿ ಬರೆದಿದ್ದು ಮೇಲ್ತುಟಿ ಹತ್ರ ಗಟ್ಟಿ ಗಂಟು, ಅಷ್ಟೇ. ಚೂರು ಎಷ್ಟು ತೆಳು ಅಂದ್ರೆ ಚರ್ಮದ ಒಳಪದರ ಡರ್ಮಿಸ್‌ನ ಮೇಲ್ಭಾಗ ಬಿಟ್ರೆ ಏನೂ ಇರ್ಲಿಲ್ಲ. ಲೋ ಪವರಲ್ಲಿ ಕೆರಟಿನ್ (ಉಗುರು, ಕೂದಲಲ್ಲಿರೋ ಪ್ರೋಟೀನು) ತುಂಬಿದ ಸಣ್ಣ ಸಣ್ಣ ಸಿಸ್ಟು, ಅಂದ್ರೆ ಚೀಲ, ಪಕ್ಕದಲ್ಲಿ ಬಾಲ ಇರೋ ಗೊದಮೊಟ್ಟೆ ಥರದ ಡಕ್ಟು, ಅಂದ್ರೆ ನಾಳ. ಹೈ ಪವರಿಗೆ ಹೋದ್ರೆ ಸೆಲ್ಲೆಲ್ಲಾ ಸಾಧು, ಮೈಟೋಸಿಸ್, ಅಂದ್ರೆ ಒಡೆದು ಎರಡಾಗ್ತಿರೋ ಸೆಲ್ಲು, ಒಂದೂ ಇಲ್ಲ. ಹೊರಗೆ ಮಳೆ ಬೇರೆ, ಸಿಲ್ಕ್ ಬೋರ್ಡ್ ದಾಟಿ ಮನೆ ಸೇರ್ಬೇಕು, ಸಿರಿಂಗೋಮಾ, ಅಂದ್ರೆ ಬೆವರು ನಾಳದ ನಿರಪಾಯದ ಗಂಟು, ಅಂತ ಟೈಪ್ ಮಾಡೂ ಆಗಿತ್ತು.

ಆಗ ಕಣ್ಣಿಗೆ ಬಿದ್ದಿದ್ದು ಚೂರಿನ ಕೆಳಗಿನ ಅಂಚು. ಗೆಡ್ಡೆ ಅಲ್ಲಿಗೆ ಮುಗಿದಿರ್ಲಿಲ್ಲ, ಕತ್ತರಿಸಿದ ಜಾಗದ ತನಕ ಇಳಿದಿತ್ತು. ಸಿರಿಂಗೋಮಾ ಸಾಮಾನ್ಯವಾಗಿ ಕಣ್ಣಿನ ಕೆಳಗೆ ಗುಂಪಾಗಿ ಬರುತ್ತೆ, ಮೇಲ್ಮೇಲೇ ಇರುತ್ತೆ, ಇದು ತುಟಿ ಮೇಲೆ ಒಂಟಿ. ಚೂರನ್ನ ಮೇಣದಲ್ಲಿ ಕೂರ್ಸಿದ ಬ್ಲಾಕನ್ನ ಇನ್ನೂ ಕಟ್ ಮಾಡ್ಸಿದೆ, ಪ್ರಯೋಜನ ಆಗ್ಲಿಲ್ಲ, ಇರೋದೇ ಅಷ್ಟು ಅಂದ್ಮೇಲೆ ಎಲ್ಲಿಂದ ಬರ್ಬೇಕು! ಸ್ಕಿನ್ ಡಾಕ್ಟರಿಗೆ ಫೋನ್ ಮಾಡ್ದೆ. "ಮೇಡಂ, ಇದ್ರಲ್ಲಿ ಹೇಳಕ್ಕಾಗಲ್ಲ, ಕೊಬ್ಬು ಸಿಗೋ ತನಕ ಆಳಕ್ಕೆ ತೆಗೆದು ಕಳ್ಸಿ." "ಮತ್ತೆ ಚುಚ್ಬೇಕಾ ಸಾರ್? ಪೇಶೆಂಟ್ ಮೊದಲೇ ತುಟಿ ಜೋಮು ಹಿಡಿದಂಗಿದೆ ಅಂತಿದ್ರು." ನರಕ್ಕೆ ಏನೋ ಆಗಿರ್ಬಹುದು ಅನ್ನೋ ಸುಳಿವದು, ಜೋಮು ಅನ್ನೋದು ಫಾರ್ಮಲ್ಲೇ ಇರ್ಲಿಲ್ಲ ನೋಡಿ.

ಎರಡನೇ ಸ್ಲೈಡಲ್ಲಿ ಕಥೆನೇ ಬೇರೆ. ಮೇಲೆ ಅದೇ ಸಿಸ್ಟು, ಕೆಳಗೆ ಹೋದಂಗೆಲ್ಲಾ ಸೆಲ್ ಗೂಡುಗಳು ಚಿಕ್ಕದಾಗ್ತಾ ಕೊನೆಗೆ ಒಂದೆರಡು ಸೆಲ್ ದಪ್ಪದ ದಾರ, ಸುತ್ತ ಗಟ್ಟಿ ಗುಲಾಬಿ ಕೊಲಾಜನ್, ದಾರ ಸೀದಾ ಸ್ನಾಯು ಒಳಗೆ ನುಗ್ಗಿದೆ. ಒಂದು ನರದ ಸುತ್ತ, ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದಂಗೆ, ಅದೇ ಸಾಧು ಸೆಲ್ಲುಗಳು. ಮೈಕ್ರೋಸಿಸ್ಟಿಕ್ ಅಡ್ನೆಕ್ಸಲ್ ಕಾರ್ಸಿನೋಮಾ, ಚರ್ಮದ ಒಂದು ಅಪರೂಪದ ಕ್ಯಾನ್ಸರ್, 1982ರಲ್ಲಿ ಈ ಹೆಸರು ಕೊಟ್ಟಿದ್ದು. ಸೆಲ್ ಮುಖ ನೋಡಿ ಹಿಡಿಯೋ ಕ್ಯಾನ್ಸರ್ ಅಲ್ಲ ಇದು, ಎಷ್ಟು ಆಳಕ್ಕೆ ಹೋಗಿದೆ ಅಂತ ನೋಡಿ ಹಿಡೀಬೇಕು. ಸಿಇಎ ಅನ್ನೋ ಪ್ರೋಟೀನ್ ತೋರ್ಸೋ ಸ್ಟೇನ್ (ಬಣ್ಣ) ಹಾಕಿದ್ರೆ ಡಕ್ಟಿನ ಒಳಗೆರೆ ಕಂದು ಬಣ್ಣಕ್ಕೆ ಎದ್ದು ಕಾಣ್ತು, ಬೇಸಲ್ ಸೆಲ್ ಕ್ಯಾನ್ಸರಲ್ಲಿ ಸಾಮಾನ್ಯವಾಗಿ ಪಾಸಿಟಿವ್ ಬರೋ ಇನ್ನೊಂದು ಸ್ಟೇನು ಬರ್‌ಇಪಿ4 ನೆಗೆಟಿವ್, ಹಾಗಾಗಿ ಬೇಸಲ್ ಸೆಲ್ ಅನ್ನೋ ಅನುಮಾನನೂ ಕಮ್ಮಿ ಆಯ್ತು. ಆದ್ರೆ ಸ್ಟೇನ್ ಬರೋ ಮೊದಲೇ ಆ ನರ ಎಲ್ಲಾ ಹೇಳಿತ್ತು.

ಆಪರೇಷನ್ ದಿನ ಅಂಚುಗಳನ್ನ ಫ್ರೋಜನ್‌ಗೆ ನಂಗೇ ಕಳ್ಸಿದ್ರು, ಅಂದ್ರೆ ಹೆಪ್ಪುಗಟ್ಟಿಸಿ ಆಗಲೇ ನೋಡಿ ಹೇಳ್ಬೇಕು. ಹೊರಗೆ ಕಂಡ ಗಂಟು ಬಟಾಣಿಯಷ್ಟು, ಮೊದಲ ಅಂಚಲ್ಲಿ ದಾರ ಸಿಕ್ತು, ಎರಡನೇದ್ರಲ್ಲಿ ಮತ್ತೆ ಒಂದು ನರದ ಪಕ್ಕ ನಾಲ್ಕೇ ನಾಲ್ಕು ಸೆಲ್ಲು, ಅದನ್ನ ನಂಬ್ಲೋ ಬೇಡ್ವೋ ಅಂತ ಹತ್ತು ನಿಮಿಷ ಕೂತೆ, ಆಮೇಲೆ ಇನ್ನೂ ತೆಗೀರಿ ಅಂದೆ. ಮೂರನೇದು ಕ್ಲಿಯರ್ ಬಂತು.