ಮಧ್ಯಮ ವರ್ಗದ ಮನಿ ಮ್ಯಾಲೆ ವಿಡಂಬನೆ ಕಥಿ ಬರಿಯೋದು ಹೆಂಗ

ನಮ್ಮ ಕಡೆ ಹುಡುಗ್ರು ವಿಡಂಬನೆ ಅಂತ ಬರಿಯೋ ಕಥಿಯೊಳಗ ಒಬ್ಬ ಲಂಚಕೋರ ಇಂಜಿನಿಯರ್, ಕೊಳ್ಳಾಗ ದಪ್ಪ ಚೈನು, ಕಡೀಕ ಲೋಕಾಯುಕ್ತ ರೇಡ್ ಇರ್ತೈತಿ. ಅದು ಕಳ್ಳನ ಕಥಿ ಆತು. ಮಧ್ಯಮ ವರ್ಗದಾಗ ಕೆಟ್ಟೋರು ಕಮ್ಮಿ, ಮಂದಿ ಏನಂತಾರ ಅನ್ನೋ ಅಂಜಿಕಿ ಮಾತ್ರ ಎಲ್ಲಾರಿಗೂ ಐತಿ, ನೀವು ಅದನ್ನ ಬರೀರಿ.

ಮೊದ್ಲು ಒಂದು ಸಾಮಾನು ಹಿಡೀರಿ, ಒಂದ. ಸೋಫಾ, ಕಾರು, ಬಂಗಾರ, ಮಗನ ದೊಡ್ಡ ಸ್ಕೂಲು ಎಲ್ಲಾ ತುರುಕಿದ್ರ ಕಿರಾಣಿ ಚೀಟಿ ಆಗ್ತೈತಿ. ಉದಾಹರಣೆಗೆ ರಾಯಚೂರಿನ ಒಂದು ಕಾಲೋನಿ, ಏಪ್ರಿಲ್ ತಿಂಗಳು, ಬಿಸಿಲು 40 ಡಿಗ್ರಿ ದಾಟೇತಿ, ಹೈಸ್ಕೂಲ್ ಮಾಸ್ತರ್ ಮನಿಗೆ ಏಸಿ ಬಂತು, ಯಾಕಂದ್ರ ಎದುರುಮನಿ ಗ್ವಾಡಿಗೆ ಹೋದ ವಾರ ಒಂದು ಬಂದೈತಿ. ಮಾಸ್ತರ್ ಹೆಂಡ್ತಿ ಫಿಟ್ಟಿಂಗ್ ಹುಡುಗಗ ಹೇಳ್ತಾಳ, "ತಮ್ಮಾ, ಹೊರಗಿನ ಡಬ್ಬಿ ಹಿತ್ತಲ ಕಡೆ ಬ್ಯಾಡಪ, ರೋಡಿಗೆ ಕಾಣಂಗ ಹಾಕು." ಇಷ್ಟ ಸಾಕು, ಅಕಿ ಸ್ವಭಾವದ ಬಗ್ಗೆ ಮತ್ತ ಅರ್ಧ ಪುಟ ಕೊರಿಬ್ಯಾಡ್ರಿ.

ಆಮ್ಯಾಲೆ ಲೆಕ್ಕ ಹಾಕ್ರಿ, ಇಲ್ಲೇ ಬಾಳ ಮಂದಿ ಮೈಗಳ್ಳತನ ಮಾಡ್ತಾರ. 2023ರಾಗ ಸರ್ಕಾರದ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಬಂತು, ತಿಂಗಳಿಗೆ 200 ಯೂನಿಟ್ ದಾಟಿದ್ರ ಪೂರ್ತಿ ಬಿಲ್ ಕಟ್ಟಬೇಕು. ಒಂದೂವರೆ ಟನ್ ಏಸಿ ತಾಸಿಗೆ ಸುಮಾರು ಒಂದರಿಂದ ಒಂದೂವರೆ ಯೂನಿಟ್ ತಿಂತೈತಿ, ರಾತ್ರಿ ಎಂಟು ತಾಸು ಹಚ್ಚಿದ್ರ ಅದೊಂದಕ್ಕ ತಿಂಗಳಿಗೆ ಕಮ್ಮಿ ಅಂದ್ರೂ 240 ಹೋತು, ಸೊನ್ನೆ ಬಿಲ್ಲೂ ಹೋತು, ಇಎಂಐ ಬ್ಯಾರೆ. ಈ ಲೆಕ್ಕ ಗೊತ್ತಿದ್ರ ಕಥಿ ತಾನ ನಡಿತೈತಿ ನೋಡ್ರಿ, ರಿಮೋಟ್ ತಿಜೋರಿಯೊಳಗ, ಬೀಗರು ಬಂದ್ರಷ್ಟ ಹೊರಗ, ಅವ್ರು ಚಾ ಕುಡುದು ಗೇಟ್ ದಾಟೋದ್ರಾಗ ಏಸಿ ಬಂದ್, ರಾತ್ರಿ ಇಡೀ ಮನಿ ಚಾಪಿ ತಗೊಂಡು ಮಾಳಿಗಿ ಮ್ಯಾಲೆ, ಹತ್ತಿ ನೋಡಿದ್ರ ಎದುರುಮನಿಯವ್ರೂ ಮಾಳಿಗಿ ಮ್ಯಾಲೆ.

ಈ ಮಾಳಿಗಿ ಸೀನ್ ಕಡೀಕ ಇಡಬ್ಯಾಡ್ರಿ, ನಡುವ ಇಡ್ರಿ. ಕಡೀಕ ಇಟ್ರ ಜೋಕ್ ಆಗಿ ಮುಗಿತೈತಿ. ನಡುವ ಇಟ್ರ ಇಬ್ರಿಗೂ ಇಬ್ರ ಗುಟ್ಟು ಗೊತ್ತಾತು, ಆದ್ರೂ ಮುಂಜಾನೆ ಹಾಲಿನವನ ಮುಂದ ನಿಂತು "ಏಸಿಯೊಳಗ ಮಲಗಿ ಮೈಕೈ ಹಿಡದಾವ್ರಿ" ಅಂತಾರ. ಅಲ್ಲಿಂದ ಮುಂದಿನದ್ದ ಖರೆ ಕಥಿ.

ಬರಿಯೋ ದನಿ ಗಂಭೀರ ಇರ್ಲಿ, ಮಾಸ್ತರ್ ಹೆಂಗ ನಂಬ್ಯಾನೋ ಹಂಗ. ಅವ್ರ ಇಂಗ್ಲಿಷ್ ತಪ್ಪು, ಊಟದ ರೀತಿ ಹಿಡ್ಕೊಂಡು ನಗ್ಸಬ್ಯಾಡ್ರಿ, ಸಾಲ ತೀರ್ಸೋ ಮನುಷ್ಯಾನ್ನ ಹಂಗ ಆಡ್ಕೊಳ್ಳೋದು ನನಗ ಸೇರಂಗಿಲ್ಲ. ಕಡೀಕ ಬುದ್ಧಿ ಹೇಳೋ ಮುದುಕನ್ನೂ ತರಬ್ಯಾಡ್ರಿ. ಎದುರುಮನಿಗೆ ಎರಡ್ನೇ ಏಸಿ ಬಂತು, ಮಾಸ್ತರ್ ಪಿಎಫ್ ಸಾಲದ ಫಾರಂ ಕೇಳಾಕ ಹೊಂಟ್ರು, ಅಲ್ಲಿಗೆ ಬಿಡ್ರಿ.

ಬಳ್ಳಾರಿ ಕಡೆಯವ್ರಾದ್ರ ಲಾರಿ ಹಿಡೀರಿ. 2011ರ ಜುಲೈಯೊಳಗ ಸುಪ್ರೀಂ ಕೋರ್ಟ್ ಅಲ್ಲಿ ಗಣಿಗಾರಿಕೆ ನಿಲ್ಲಿಸ್ತು, ಅದಿರು ಹೊಡಿಯೋ ಲಾರಿಗೂ ಕೆಲಸ ಇಲ್ದಂಗಾತು. ಮನಿ ಮುಂದ ನಿಂತ ಲಾರಿ ಮಾರಿದ್ರ ಓಣಿಯೊಳಗ ಮಾನ ಹೋಗ್ತೈತಿ ಅಂತ ಮಂಗಳವಾರಕ್ಕೊಮ್ಮೆ ತೊಳದು ಲಿಂಬಿಹಣ್ಣು ಕಟ್ಟೋ ಮನಿ ಬರೀರಿ, ಕಂತಿನವ ಬಾಗ್ಲಾಗ ಕುಂತಾಗ ಅವಂಗ ಚಾ ಕೊಡೋದು ಯಾರು ಅನ್ನೋದ್ರಿಂದ ಸುರು ಮಾಡ್ರಿ.